ಹಳೇ ಅವೆಂಜರ್ ಅನ್ನು ನನ್ನ ಮೈಗೆ ಹೊಂದಿಸಿಕೊಂಡದ್ದು

ಹಳೇ ಕ್ರೂಸರ್, ಅಂದರೆ ಕಾಲು ಮುಂದೆ ಚಾಚಿ ಕೂರುವ ಬೈಕ್, ಇಟ್ಟುಕೊಳ್ಳುವವರಿಗೆ ಪುಣೆ ಒಳ್ಳೆ ಊರು. ಗಾಡಿ ಕೆಲಸ ಗೊತ್ತಿರುವವರು ಇಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. ಪಿಂಪ್ರಿ, ಭೋಸರಿ, ಆಕುರ್ಡಿ ಕಡೆ ಯಾವ ಮನೆ ಬಾಗಿಲು ತಟ್ಟಿದರೂ ಒಬ್ಬರಲ್ಲ ಒಬ್ಬರು ಕಾರ್ಖಾನೆಯಲ್ಲಿ ದುಡಿದವರು. ಅವರಲ್ಲಿ ನಮ್ಮ ಕಡೆಯವರೂ ಬೇಕಾದಷ್ಟು ಜನ. ನನ್ನ ಸೋದರಮಾವ ಭೋಸರಿಯ ಟೂಲ್‌ರೂಮ್ ಒಂದರಲ್ಲಿ ಕೆಲಸ ಮಾಡಿ, ರಿಟೈರ್ ಆಗಿ, ಧಾರವಾಡಕ್ಕೆ ವಾಪಸ್ ಹೋದರು. ಹೋಗುವಾಗ 2008ರಲ್ಲಿ ಕೊಂಡಿದ್ದ ಬಜಾಜ್ ಅವೆಂಜರ್ 200ರ ಕೀಲಿ ನನ್ನ ಕೈಗಿಟ್ಟರು. "ನಿಲ್ಲಿಸಿ ಇಡಬ್ಯಾಡ. ಓಡಸು, ಇಲ್ಲಾ ಓಡಸೋರಿಗೆ ಕೊಡು" ಅಂದರು.

ಈ ಗಾಡಿಯ ಹಿನ್ನೆಲೆ ಸ್ವಲ್ಪ ಹೇಳಬೇಕು. ಯಾಕೆಂದರೆ ಇದನ್ನು ಇನ್ನೂ ಓಡಿಸಲು ಆಗುತ್ತಿರುವುದೇ ಅದರಿಂದ. 2001ರಲ್ಲಿ ಬಜಾಜ್ ಮತ್ತು ಕಾವಾಸಾಕಿ ಸೇರಿ ಎಲಿಮಿನೇಟರ್ ಎಂಬ ಕ್ರೂಸರ್ ಬಿಟ್ಟರು. ಅದರಲ್ಲಿದ್ದದ್ದು 175 ಸಿಸಿಯ ಕಾವಾಸಾಕಿ ಇಂಜಿನ್. ನೋಡಲು ತುಂಬಾ ಚೆಂದ, ಆದರೆ ಆ ಕಾಲಕ್ಕೆ ದುಬಾರಿ. 2005ರಲ್ಲಿ ಅದೇ ರೂಪಕ್ಕೆ ಪಲ್ಸರ್ 180ರ ಇಂಜಿನ್ ಕೂರಿಸಿ ಅವೆಂಜರ್ ಅಂತ ಹೆಸರಿಟ್ಟರು. 2007ರಲ್ಲಿ ಪಲ್ಸರ್ 200ರ ಇಂಜಿನ್ ಬಂತು, 2010ರಲ್ಲಿ 220. ನನ್ನದು ನಡುವಿನದ್ದು. 198.8 ಸಿಸಿ, ಎರಡು ಸ್ಪಾರ್ಕ್ ಪ್ಲಗ್, ಮುಂದೆ ಒಂದು ಆಯಿಲ್ ಕೂಲರ್, ಸುಮಾರು 17 ಹಾರ್ಸ್‌ಪವರ್. ಇಂಜಿನ್ ಪಲ್ಸರ್‌ನದ್ದಾದ ಕಾರಣ ಅದರ ಸಾಮಾನು ಪುಣೆಯ ಬಿಡಿಭಾಗದ ಪೇಟೆ ನಾನಾ ಪೇಠದಲ್ಲಿ ಇವತ್ತಿಗೂ ಸಿಗುತ್ತದೆ. ಸಿಗದೇ ಕಾಡುವುದು ಮೈ ಮೇಲಿನ ಸಾಮಾನು: ಸೈಡ್ ಪ್ಯಾನೆಲ್, ಹಿಂದಿನ ಮಡ್‌ಗಾರ್ಡ್, ಮೀಟರ್ ಬೌಲ್. ಅದಕ್ಕೆ ಭಾನುವಾರ ಹಳೇ ಸಾಮಾನಿನ ಸಂತೆ ಜುನಾ ಬಜಾರ್ ಸುತ್ತಬೇಕು. ಸೈಡ್ ಪ್ಯಾನೆಲ್ ನನಗೆ ಅಲ್ಲೇ ಸಿಕ್ಕಿದ್ದು, ಒಂದು ರಾಶಿ ಸ್ಕೂಟರ್ ಹ್ಯಾಂಡಲ್‌ಗಳ ಕೆಳಗೆ.

ಗಾಡಿ ಕೈಗೆ ಬಂದಾಗ ಅದರ ಕಷ್ಟಗಳು ಹೀಗಿದ್ದವು. ಸ್ಟಾರ್ಟ್ ಆಗುತ್ತಿತ್ತು, ಆದರೆ ಅರ್ಧಕ್ಕಿಂತ ಜಾಸ್ತಿ ಆಕ್ಸಿಲರೇಟರ್ ತಿರುಗಿಸಿದರೆ ಎಳೆಯುತ್ತಿರಲಿಲ್ಲ. ಅರವತ್ತು ದಾಟಿದರೆ ಹ್ಯಾಂಡಲ್ ಅಲುಗುತ್ತಿತ್ತು. ಮುಂದಿನ ಬ್ರೇಕ್ ಹಿಡಿದರೆ ಪೂರ್ತಿ ಬಿಡುತ್ತಿರಲಿಲ್ಲ. ಒಂದು ಗಂಟೆ ಕೂತರೆ ನನ್ನ ಬೆನ್ನಿನ ಬುಡ ಉರಿಯುತ್ತಿತ್ತು. ನನಗೋ ಅದರ ರೂಪ ಬದಲಿಸುವ ಆಸೆ. ಅಗಲವಾದ ಹ್ಯಾಂಡಲ್, ಕಪ್ಪು ಬಣ್ಣದ ಗಾರ್ಡ್, ಚರ್ಮದ ಚೀಲ, ಎಲ್ಲ ಮನಸ್ಸಿನಲ್ಲಿ ಆಗಲೇ ಕೂತಿದ್ದವು.

ನಿಗಡಿಯಲ್ಲಿ ನಾನು ಹೋಗುವ ಗ್ಯಾರೇಜ್ ಇಂಡಿ ತಾಲೂಕಿನವರೊಬ್ಬರದು. ವಯಸ್ಸಾದವರು. ಹುಡುಗರೆಲ್ಲ ಅವರನ್ನು ಕಾಕಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ನನ್ನ ಪಟ್ಟಿ ಕೇಳಿ ಅವರು ಹೇಳಿದ್ದು ಇಷ್ಟೇ: "ಎಲ್ಲಾ ಮಾಡೂಣ್ರಿ ಸರ. ಮೊದಲ ಕಂಪನಿಯಿಂದ ಬಂದಾಗ ಹೆಂಗಿತ್ತೋ ಹಂಗ ಮಾಡೂಣು. ಅದನ್ನ ಓಡಸ್ರಿ. ಆಮ್ಯಾಗ ಏನ ಬದಲೀ ಬೇಕಂತ ಗಾಡೀನ ಹೇಳ್ತದ." ಈ ಕ್ರಮವೇ ಸರಿ ಅಂತ ಈಗ ಯಾರು ಕೇಳಿದರೂ ಹೇಳುತ್ತೇನೆ. ಅಲುಗುವ ಗಾಡಿಗೆ ಹೊಸ ಹ್ಯಾಂಡಲ್ ಹಾಕಿದರೆ, ಅಲುಗಾಟ ಬೇರಿಂಗಿನದೋ ಹ್ಯಾಂಡಲಿನದೋ ಗೊತ್ತಾಗುವುದೇ ಇಲ್ಲ.

ಮೊದಲು ಎಳೆತದ ತೊಂದರೆ. ಕಾಕಾ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಇಳಿಸಿ ಮೇಲಿನ ಕಪ್ಪು ಮುಚ್ಚಳ ಬಿಚ್ಚಿದರು. ಒಳಗೆ ಒಂದು ಸ್ಪ್ರಿಂಗ್, ಅದರ ಕೆಳಗೆ ಒಂದು ಸ್ಲೈಡ್, ಸ್ಲೈಡಿನ ಕೆಳಗೆ ತೂಗುವ ಸೂಜಿ. ಸ್ಲೈಡಿನ ಸುತ್ತ ತೆಳ್ಳಗಿನ ರಬ್ಬರ್ ಪೊರೆ, ಅದೇ ಡಯಾಫ್ರಾಮ್. ಈ ಥರದ ಕಾರ್ಬ್ಯುರೇಟರಿನಲ್ಲಿ ನಾವು ಕೈಯಿಂದ ತಿರುಗಿಸುವ ಕೇಬಲ್ ಸ್ಲೈಡನ್ನು ನೇರವಾಗಿ ಎತ್ತುವುದಿಲ್ಲ. ಕೇಬಲ್ ಒಂದು ತಟ್ಟೆಯನ್ನಷ್ಟೇ ತೆರೆಯುತ್ತದೆ. ಇಂಜಿನ್ ಗಾಳಿ ಎಳೆದಾಗ ಪೊರೆಯ ಮೇಲ್ಗಡೆ ಒತ್ತಡ ಇಳಿದು ಸ್ಲೈಡ್ ತಾನೇ ಮೇಲೇಳುತ್ತದೆ. ಅದರ ಜೊತೆ ಸೂಜಿಯೂ ಎದ್ದು ಪೆಟ್ರೋಲಿಗೆ ದಾರಿ ಬಿಡುತ್ತದೆ. ಪೊರೆಯಲ್ಲಿ ತೂತು ಬಿದ್ದರೆ ಗಾಳಿ ಅಲ್ಲಿಂದಲೇ ನುಸುಳುತ್ತದೆ. ಸ್ಲೈಡ್ ಅರ್ಧಕ್ಕೇ ನಿಲ್ಲುತ್ತದೆ. ಎಷ್ಟು ತಿರುಗಿಸಿದರೂ ಗಾಡಿ ಮೇಲೆ ಹೋಗುವುದಿಲ್ಲ.

ಕಾಕಾ ಆ ಪೊರೆಯನ್ನು ಎರಡು ಬೆರಳಲ್ಲಿ ಮೆತ್ತಗೆ ಹಿಗ್ಗಿಸಿ ಟ್ಯೂಬ್‌ಲೈಟಿಗೆ ಹಿಡಿದರು. ಸುಮ್ನೆ ನೋಡಿದರೆ ಏನೂ ಇಲ್ಲ. ಅಂಚಿನ ಮಡಿಕೆಯನ್ನು ಬಿಡಿಸಿದಾಗ ಸೂಜಿ ಮೊನೆಯಷ್ಟು ಬೆಳಕು ಕಂಡಿತು. ಪಕ್ಕದಲ್ಲೇ ಇನ್ನೊಂದು. ರಬ್ಬರ್ ಉಬ್ಬಿ ಅಲೆಅಲೆಯಾಗಿತ್ತು. ಮಾವ ಕೊನೆಯಲ್ಲಿ ಸರ್ವಿಸ್‌ಗೆ ಬಿಟ್ಟಿದ್ದ ಕಡೆ ಪೊರೆ ತೆಗೆಯದೇ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದಿರಬೇಕು ಅಂದರು ಕಾಕಾ. ಆ ಸ್ಪ್ರೇ ಹಿತ್ತಾಳೆ, ಅಲ್ಯೂಮಿನಿಯಂಗೆ ಒಳ್ಳೆಯದು. ಈ ರಬ್ಬರಿಗೆ ಅದು ಶತ್ರು. ಪೊರೆ, ಓ-ರಿಂಗ್, ಫ್ಲೋಟ್ ಎಲ್ಲ ತೆಗೆದಿಟ್ಟ ಮೇಲೆಯೇ ಅದನ್ನು ಬಳಸಬೇಕು. ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡುಗಳೇ ಜೆಟ್‌ಗಳು, ಅವಕ್ಕೆ ತಂತಿ ಚುಚ್ಚಬಾರದು. ಹಿತ್ತಾಳೆ ಮೆತ್ತಗಿನ ಲೋಹ, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಗಾಳಿ ಹೊಡೆದೇ ಬಿಡಿಸಬೇಕು. ಹೊಸ ಪೊರೆ ಹಾಕಿದ ದಿನ ಸ್ಪೈನ್ ರೋಡಿನಲ್ಲಿ ಗಾಡಿ ಎಳೆದ ರೀತಿ ನೋಡಿ ನನಗೆ ಕುಣಿಯುವಷ್ಟು ಖುಷಿಯಾಯಿತು.

ಟ್ಯಾಂಕಿನ ಒಳಗೆ ತುಕ್ಕು ಹಿಡಿದಿತ್ತು. ಬಹಳ ದಿನ ಅರ್ಧ ಖಾಲಿ ನಿಂತ ಟ್ಯಾಂಕಿಗೆ ಅದು ತಪ್ಪಿದ್ದಲ್ಲ. ವಿನೆಗರ್ ತುಂಬಿ ಇಟ್ಟು, ನಟ್‌ಗಳನ್ನು ಹಾಕಿ ಅಲ್ಲಾಡಿಸಿ, ಸೋಡಾ ಪುಡಿ ನೀರಿನಲ್ಲಿ ತೊಳೆದು, ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಿದೆವು. ಒಣಗಿಸುವುದು ತಡವಾದರೆ ಕಣ್ಣೆದುರೇ ಮತ್ತೆ ತುಕ್ಕು ಏಳುತ್ತದೆ. ಪೆಟ್ರೋಲ್ ಪೈಪಿಗೆ ಹೊಸ ಫಿಲ್ಟರ್ ಬಿತ್ತು.

ಆಮೇಲೆ ಅಲುಗಾಟ. ಮುಂದಿನ ಚಕ್ರ ನೆಲದಿಂದ ಎದ್ದಿರುವಂತೆ ಗಾಡಿ ನಿಲ್ಲಿಸಿ, ಹ್ಯಾಂಡಲನ್ನು ಒಂದೇ ಬೆರಳಲ್ಲಿ ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ತಿರುಗಿಸಿದರೆ ನಡುವಿನಲ್ಲಿ ಒಂದು ಸಣ್ಣ ತಡೆ ಸಿಗುತ್ತಿತ್ತು. ನೇರ ರಸ್ತೆಯಲ್ಲಿ ವರ್ಷಗಟ್ಟಲೆ ಓಡಿ ಹ್ಯಾಂಡಲಿನ ಬುಡದ ಬೇರಿಂಗಿನ ಗುಂಡುಗಳು ಒಂದೇ ಜಾಗದಲ್ಲಿ ಗುಳಿ ಮಾಡಿಕೊಂಡಿರುತ್ತವೆ. ಆ ಬೇರಿಂಗಿನ ಕೋನ್ ಸೆಟ್ ಪೂರ್ತಿ ಬದಲಾಯಿಸಿದರು. ಬಿಗಿಯುವುದರಲ್ಲೇ ಕೈಚಳಕ ಇರುವುದು. ಹ್ಯಾಂಡಲ್ ತನ್ನ ಭಾರಕ್ಕೇ ಎರಡೂ ಕಡೆ ವಾಲಬೇಕು, ಆದರೆ ಮುಂದಿನ ಚಕ್ರದ ಫೋರ್ಕ್ ಹಿಡಿದು ಹಿಂದೆ ಮುಂದೆ ಜಗ್ಗಿದರೆ ಟಕ್ ಅನ್ನಬಾರದು.

ಟೈರ್ ನೋಡಲು ಹೊಸದರಂತಿತ್ತು, ಮೈ ಮೇಲಿನ ಗೀರುಗಳೂ ಆಳವಾಗಿದ್ದವು. ಆದರೆ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಓದಿದರೆ ನಿಜ ತಿಳಿಯುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2312 ಅಂತಿದ್ದರೆ 2012ರ ಇಪ್ಪತ್ತಮೂರನೇ ವಾರದಲ್ಲಿ ಮಾಡಿದ್ದು. ಅಂಥ ಟೈರ್ ಕಲ್ಲಾಗಿರುತ್ತದೆ, ಮಳೆಯಲ್ಲಿ ಹಿಡಿತ ಕೊಡುವುದಿಲ್ಲ. ಮುಂದೆ 17 ಇಂಚು, ಹಿಂದೆ 15 ಇಂಚಿನ ದಪ್ಪ ಟೈರ್, ಎರಡೂ ಹೊಸದು ಹಾಕಿಸಿದೆ. ತುಕ್ಕು ಹಿಡಿದ ಕಡ್ಡಿಗಳನ್ನು ಬದಲಿಸಿ ರಿಮ್ಮಿನ ಬೆಂಡ್ ತೆಗೆಸಿದೆ. ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಬಿಚ್ಚಿ, ಕಚ್ಚಿಕೊಂಡಿದ್ದ ಪಿಸ್ಟನ್ ಬಿಡಿಸಿ, ಸೀಲ್ ಬದಲಿಸಿದರು. ಹಳೇ ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವ ಹೀರುತ್ತದೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ವೈರಿಂಗ್ ಬಗ್ಗೆ ಒಂದು ಮಾತು. ಈ ಗಾಡಿಗೆ ಕಿಕ್ ಇಲ್ಲ. ಬ್ಯಾಟರಿ ಕೈಕೊಟ್ಟರೆ ತಳ್ಳುವುದೊಂದೇ ದಾರಿ, ಅದೂ ಇಷ್ಟು ಭಾರದ ಗಾಡಿಯನ್ನು. ಅದಕ್ಕೇ ನಾನು ಮಲ್ಟಿಮೀಟರ್ ಇಟ್ಟುಕೊಂಡಿದ್ದೇನೆ. ಗಾಡಿ ನಿಂತಾಗ 12.6 ವೋಲ್ಟ್ ಹತ್ತಿರ, ಓಡುವಾಗ 14ರ ಆಸುಪಾಸು ತೋರಿಸಿದರೆ ಚಿಂತೆಯಿಲ್ಲ. ಓಡುವಾಗಲೂ 12ರಲ್ಲೇ ನಿಂತರೆ ಬ್ಯಾಟರಿಗೆ ಚಾರ್ಜ್ ಆಗುತ್ತಿಲ್ಲ ಅಂತ ಅರ್ಥ, ಹೊಸ ಬ್ಯಾಟರಿ ಕೊಂಡು ಪ್ರಯೋಜನವಿಲ್ಲ. ಪುಣೆಯ ಮಳೆಗೆ ಸಾಕೆಟ್‌ಗಳ ಒಳಗೆ ಹಸಿರು ಕಿಲುಬು ಕೂರುತ್ತದೆ. ಟ್ಯಾಂಕಿನ ಕೆಳಗಿನದ್ದೆಲ್ಲ ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿದೆವು. ಮಂಕಾಗಿದ್ದ ಇಂಡಿಕೇಟರ್‌ಗಳು ಅಷ್ಟಕ್ಕೇ ಸರಿಹೋದವು.

ಇಷ್ಟಾದ ಮೇಲೆ ಕಾಗದದ ಕೆಲಸ. ಖಾಸಗಿ ಗಾಡಿಯ ನೋಂದಣಿ ಪತ್ರ, ಅಂದರೆ ಆರ್‌ಸಿ, 15 ವರ್ಷಕ್ಕೆ ಮುಗಿಯುತ್ತದೆ. 2023ಕ್ಕೆ ನನ್ನದು ಮುಗಿಯುವುದಿತ್ತು. ಅದಕ್ಕೂ ಮುಂಚೆಯೇ 29 ಮತ್ತು 30ನೇ ನಮೂನೆ ತುಂಬಿ ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೆ. ನವೀಕರಣಕ್ಕೆ 25ನೇ ನಮೂನೆ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಪಿಯುಸಿ, ಜೊತೆಗೆ ಹಳೇ ಗಾಡಿಗೆ ಹಾಕುವ ಮಹಾರಾಷ್ಟ್ರದ ಹಸಿರು ತೆರಿಗೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಹೋಗಿದ್ದೆ. ಗಾಡಿಯನ್ನೂ ಆರ್‌ಟಿಒ ಕಚೇರಿಗೆ ಒಯ್ಯಬೇಕು. ನಂಬರ್, ಲೈಟ್, ಹಾರ್ನ್, ಕನ್ನಡಿ, ಬಣ್ಣ ಎಲ್ಲ ನೋಡುತ್ತಾರೆ. ಪಾಸಾದರೆ ಇನ್ನೈದು ವರ್ಷ. ಗಾಡಿ ಕಂಪನಿ ರೂಪದಲ್ಲೇ ಇದ್ದದ್ದರಿಂದ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

ರೂಪ ಬದಲಿಸುವವರು ಈ ವಿಷಯ ಗಂಭೀರವಾಗಿ ತೆಗೆದುಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಚಾಸಿ ಕತ್ತರಿಸುವುದು, ಬೇರೆ ಇಂಜಿನ್ ಕೂರಿಸುವುದು ದೂರದ ಮಾತು. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ಹಾಗಾಗಿ ನಾನು ಒಂದು ಕಟ್ಟುಪಾಡು ಹಾಕಿಕೊಂಡೆ. ಏನೇ ಹಾಕಿದರೂ ಬೋಲ್ಟ್ ಬಿಚ್ಚಿದರೆ ಗಾಡಿ ಮೊದಲಿನಂತಾಗಬೇಕು. ವೆಲ್ಡಿಂಗ್ ಇಲ್ಲ, ಗ್ರೈಂಡರ್ ಇಲ್ಲ. ತೆಗೆದ ಮೂಲ ಸಾಮಾನೆಲ್ಲ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿದೆ.

ಸೈಲೆನ್ಸರ್ ಮುಟ್ಟಲೇ ಇಲ್ಲ. ಜೋರು ಸದ್ದಿನ ಸೈಲೆನ್ಸರ್‌ಗಳನ್ನು ಪೊಲೀಸರು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವುದನ್ನು ಪುಣೆಯವರೆಲ್ಲ ನೋಡಿದ್ದೇವೆ. ಅದು ಬಿಡಿ. ಈ ಕಾರ್ಬ್ಯುರೇಟರಿನ ಜೆಟ್‌ಗಳನ್ನು ಕಂಪನಿ ಸೈಲೆನ್ಸರಿಗೆ ಹೊಂದಿಸಿ ಕೊಟ್ಟಿದ್ದಾರೆ. ಖಾಲಿ ಪೈಪ್ ಹಾಕಿದರೆ ಪೆಟ್ರೋಲಿಗಿಂತ ಗಾಳಿ ಜಾಸ್ತಿಯಾಗಿ ಇಂಜಿನ್ ಬಿಸಿಯಾಗುತ್ತದೆ. ರಾತ್ರಿ ಹತ್ತಕ್ಕೆ ಓಣಿಯಲ್ಲಿ ಮಲಗಿದ ಕೂಸು ಎಬ್ಬಿಸುವ ಹಕ್ಕು ನಮಗಿಲ್ಲ, ಅಲ್ವಾ?

ನಿಜವಾದ ಬದಲಾವಣೆ ಶುರುವಾದದ್ದು ಹ್ಯಾಂಡಲಿನಿಂದ. ಅವೆಂಜರ್‌ನದ್ದು ಎತ್ತರದ, ಹಿಂದಕ್ಕೆ ಬಾಗಿದ ಹ್ಯಾಂಡಲ್. ಮಾವ ನನಗಿಂತ ಗಿಡ್ಡ, ಅವರಿಗೆ ಸರಿಯಾಗಿತ್ತು. ನನ್ನ ಮೊಣಕೈ ಮಾತ್ರ ಪಕ್ಕೆಗೆ ಬಂದು ಮಣಿಕಟ್ಟು ಒಳಕ್ಕೆ ಮುರಿದಂತಾಗುತ್ತಿತ್ತು. ಹೊಸದು ಕೊಳ್ಳುವ ಮುಂಚೆ ಕಾಕಾ ಒಂದು ಕಾಸೂ ಖರ್ಚಿಲ್ಲದ ಕೆಲಸ ಮಾಡಿದರು. ಕ್ಲಾಂಪ್ ಸಡಿಲಿಸಿ ಹ್ಯಾಂಡಲನ್ನು ಸ್ವಲ್ಪ ಮುಂದಕ್ಕೆ ಹೊರಳಿಸಿದರು. ನನ್ನನ್ನು ಕೂರಿಸಿ, ಕಣ್ಣು ಮುಚ್ಚಿ ಕೈ ಚಾಚಲು ಹೇಳಿದರು. ಕೈ ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಹಿಡಿ ಇರಬೇಕು. ಕ್ಲಚ್, ಬ್ರೇಕ್ ಲಿವರ್‌ಗಳೂ ಮೊಣಕೈಯಿಂದ ಬೆರಳ ತನಕ ಒಂದೇ ಗೆರೆಯಲ್ಲಿ ಬರುವಂತೆ ಬಾಗಬೇಕು. ಅರ್ಧ ನೋವು ಅಲ್ಲೇ ಹೋಯಿತು. ಉಳಿದ ಅರ್ಧಕ್ಕೆ ನಾನಾ ಪೇಠದಿಂದ ಸ್ವಲ್ಪ ಅಗಲದ, ಕಡಿಮೆ ಬಾಗಿನ 22 ಮಿಲಿಮೀಟರ್ ದಪ್ಪದ ಹ್ಯಾಂಡಲ್ ತಂದೆ.

ಹ್ಯಾಂಡಲ್ ಬದಲಿಸುವವರು ಕೇಬಲ್‌ಗಳ ಕಡೆ ಗಮನ ಕೊಡಬೇಕು. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಹೋಸ್, ವೈರ್ ಎಲ್ಲವೂ ಹಳೇ ಅಳತೆಯವು. ಪರೀಕ್ಷೆ ಸುಲಭ. ಗಾಡಿ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟು, ಹ್ಯಾಂಡಲನ್ನು ಎಡ ತುದಿಗೆ, ಬಲ ತುದಿಗೆ ತಿರುಗಿಸಿ. ಇಂಜಿನ್ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ. ಟ್ರಾಫಿಕ್‌ನಲ್ಲಿ ಯು-ಟರ್ನ್ ಹೊಡೆಯುವಾಗ ಹಾಗಾದರೆ ಗಾಡಿ ಎದುರಿನ ಬಸ್ಸಿಗೆ ನುಗ್ಗುತ್ತದೆ. ನನ್ನ ಗಾಡಿಯಲ್ಲಿ ಕೇಬಲ್‌ಗಳ ದಾರಿ ಬದಲಿಸಿದ್ದೇ ಸಾಕಾಯಿತು. ಹ್ಯಾಂಡಲ್ ಇನ್ನೂ ಎತ್ತರದ್ದಾಗಿದ್ದರೆ ಉದ್ದದ ಕೇಬಲ್ ಹಾಕಲೇಬೇಕಿತ್ತು.

ನನ್ನ ಪ್ರಕಾರ ಹಳೇ ಕ್ರೂಸರ್‌ಗೆ ಮಾಡಿಸಬಹುದಾದ ಅತಿ ದೊಡ್ಡ ಉಪಕಾರ ಸೀಟು. ಕಾಲು ಮುಂದೆ ಚಾಚಿ ಕೂರುವ ಗಾಡಿಯಲ್ಲಿ ಮೈಭಾರವೆಲ್ಲ ಬೆನ್ನಿನ ಬುಡದ ಮೂಳೆಗೆ ಬೀಳುತ್ತದೆ. ಬೇರೆ ಬೈಕಿನಲ್ಲಿ ಗುಂಡಿ ಬಂದರೆ ಕಾಲಿನ ಮೇಲೆ ಭಾರ ಹಾಕಿ ಸ್ವಲ್ಪ ಏಳಬಹುದು. ಇಲ್ಲಿ ಆಗುವುದಿಲ್ಲ. ಹಳೇ ಫೋಮ್ ಕುಗ್ಗಿದ ಮೇಲೆ ನಾವು ಕೂರುವುದು ಕೆಳಗಿನ ಹಲಗೆಯ ಮೇಲೆಯೇ. ನಾನಾ ಪೇಠದ ಸೀಟ್ ಅಂಗಡಿಯವರು ನನ್ನನ್ನು ಗಾಡಿ ಮೇಲೆ ಕೂರಿಸಿ, ಚಾಕ್‌ಪೀಸಿನಲ್ಲಿ ತೊಡೆಯ ಎರಡೂ ಬದಿ, ಹಿಂದೆ ಬೆನ್ನು ಮುಗಿಯುವ ಜಾಗ ಗುರುತು ಹಾಕಿದರು. ಬುಡಕ್ಕೆ ಗಟ್ಟಿ ಫೋಮ್, ಮೇಲೆ ಬೆರಳಿನ ದಪ್ಪ ಮೆತ್ತನೆಯದು. ಬಾಲದ ಮೂಳೆ ಬರುವ ಜಾಗದಲ್ಲಿ ಅಂಗೈ ಅಗಲದ ತಗ್ಗು ಕೊರೆದರು. ಸೊಂಟಕ್ಕೆ ಒರಗಲು ಹಿಂದಿನ ಅಂಚು ಸ್ವಲ್ಪ ಎತ್ತರಿಸಿದರು. ಕೂತು ನೋಡಿ, ಇಳಿದು, ಮತ್ತೆ ಕೊರೆದು, ಆಮೇಲೆ ಕವರ್ ಹೊಲಿದರು. ಬರೀ ಮೆತ್ತಗಿನ ಫೋಮ್ ತುಂಬಿಸಿಕೊಳ್ಳಬೇಡಿ. ಅಂಗಡಿಯಲ್ಲಿ ಸುಖ ಅನ್ನಿಸುತ್ತದೆ, ಸಾತಾರಾ ಮುಟ್ಟುವಷ್ಟರಲ್ಲಿ ಪೂರ್ತಿ ಕುಸಿದಿರುತ್ತದೆ.

ಕ್ರೋಮ್ ಎದ್ದುಹೋಗಿದ್ದ ಲೆಗ್ ಗಾರ್ಡ್ ಮತ್ತು ಹಿಂದಿನ ಕ್ಯಾರಿಯರ್‌ಗೆ ಭೋಸರಿಯಲ್ಲಿ ಕಪ್ಪು ಪೌಡರ್ ಕೋಟಿಂಗ್ ಮಾಡಿಸಿದೆ. ಸುಮಾರು 200 ಡಿಗ್ರಿ ಬಿಸಿಯ ಭಟ್ಟಿಯಲ್ಲಿ ಬೇಯಿಸುವುದರಿಂದ ರಬ್ಬರ್, ಪ್ಲಾಸ್ಟಿಕ್ ಒಂದೂ ಉಳಿಯದಂತೆ ತೆಗೆದು ಕೊಡಬೇಕು. ಚೀಲಗಳಿಗೆ ಕಬ್ಬಿಣದ ತಡೆ ಹಾಕಿಸಿದೆ. ಅದಿಲ್ಲದಿದ್ದರೆ ಚೀಲ ಒಳಕ್ಕೆ ವಾಲಿ ಚಕ್ರಕ್ಕೆ ಸಿಕ್ಕುತ್ತದೆ. ಇಂಡಿಕೇಟರ್ ಮುಚ್ಚದಂತೆ ಅದರ ಜಾಗ ನೋಡಿಕೊಳ್ಳಬೇಕು. ಟ್ಯಾಂಕಿನ ಕಪ್ಪು ಬಣ್ಣ ಹಾಗೇ ಇದೆ, ಪಾಲಿಶ್ ಅಷ್ಟೇ. ಕೀಲಿಗೊಂಚಲು ಉಜ್ಜಿ ಮಾವನ ಕಾಲದಲ್ಲಿ ಆದ ಗೀರು ಮುಚ್ಚಿಸಲು ನನಗೆ ಮನಸ್ಸಾಗಲಿಲ್ಲ.

ಹೀಗೆ ಸಿದ್ಧವಾದ ಗಾಡಿಯಲ್ಲಿ ಧಾರವಾಡಕ್ಕೆ ಹೋದೆ. ನಾನ್ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಖಂಬಾಟಕಿ ಘಾಟು ಏರುವಾಗ ಮೂರನೇ ಗೇರಿನಲ್ಲಿ ಒಂದೇ ಸಮ ಎಳೆಯಿತು. ಕರಾಡ, ಕೊಲ್ಹಾಪುರ ದಾಟಿ ನಿಪ್ಪಾಣಿಯಲ್ಲಿ ಚಹಾ ಕುಡಿಯಲು ಇಳಿದಾಗ ಬೆನ್ನು ನೋವೇ ಇರಲಿಲ್ಲ. ಮಾವ ಗಾಡಿಯ ಸುತ್ತ ಒಂದು ಸುತ್ತು ಬಂದರು. ಹೊಸ ಹ್ಯಾಂಡಲ್ ಕಡೆ ನೋಡಲೂ ಇಲ್ಲ. ನೇರ ಆಯಿಲ್ ಕೂಲರ್ ಹತ್ತಿರ ಕೂತು ರೆಕ್ಕೆಗಳ ನಡುವೆ ಮಣ್ಣು ಇದೆಯಾ ಅಂತ ಬೆರಳಾಡಿಸಿದರು. "ಇದನ್ನ ತೊಳೀಲಾರದ ಇಂಜಿನ್ ಬಿಸಿ ಆಗ್ತದಂತ ಗೊತ್ತದಲ್ಲ?" ಅಂದರು. ಆಮೇಲೆ ತಾವೇ ಒಂದು ರೌಂಡ್ ಹೋಗಿಬಂದು, ಸೀಟಿನ ಬಗ್ಗೆ ಕೇಳಿ ಕೇಳಿ ತಿಳಿದುಕೊಂಡರು.

ಈಗ ದಿನನಿತ್ಯದ ಆರೈಕೆ. ಮೂರು ಸಾವಿರ ಕಿಲೋಮೀಟರಿಗೆ 20ಡಬ್ಲ್ಯು-50 ಇಂಜಿನ್ ಆಯಿಲ್. ಕಾರಿನ ಆಯಿಲ್ ಹಾಕುವುದಿಲ್ಲ. ಬೈಕಿನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನದ್ದು ಹಾಕಿದರೆ ಜಾರುವ ಸಂಭವ ಇದೆ. ಬೈಕಿನ ಕ್ಲಚ್ಚಿಗೆ ಹೊಂದುತ್ತದೆ ಅನ್ನುವ ಗುರುತು ಜಾಸೋ ಎಂಎ, ಅದು ಡಬ್ಬಿಯ ಮೇಲೆ ಇದೆಯಾ ನೋಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಚೈನ್‌ಗೆ ಪದೇಪದೇ 90 ನಂಬರಿನ ಗೇರ್ ಆಯಿಲ್. ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್ ಬರುತ್ತಿದೆ. ಈ ಗಾಡಿಯ ರಬ್ಬರುಗಳನ್ನು ಅಷ್ಟು ಎಥನಾಲ್‌ಗೆ ಮಾಡಿದ್ದಲ್ಲ. ಎಥನಾಲ್ ನೀರನ್ನೂ ಹೀರುತ್ತದೆ. ಹಾಗಾಗಿ ವಾರಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ ಕಾರ್ಬ್ಯುರೇಟರಿನ ಬಟ್ಟಲು ಖಾಲಿ ಮಾಡುತ್ತೇನೆ. ಪೆಟ್ರೋಲ್ ಪೈಪನ್ನು ಆಗಾಗ ಹಿಸುಕಿ ನೋಡುತ್ತೇನೆ, ಬಿರುಕು ಕಂಡರೆ ಅವತ್ತೇ ಬದಲು.

ಇನ್ನು ಉಳಿದಿರುವುದು ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಬುಷ್. ಚಕ್ರ ಹಿಡಿದು ಪಕ್ಕಕ್ಕೆ ಜಗ್ಗಿದರೆ ಸ್ವಲ್ಪ ಆಟ ಸಿಗುತ್ತಿದೆ. ಬುಷ್ ಸೆಟ್ ತಂದು ಕಾಕಾನ ಕಪಾಟಿನಲ್ಲಿ ಇಟ್ಟಾಗಿದೆ. ಖಂಡೇನವಮಿ ಪೂಜೆಗೆ ಮುಂಚೆ ಮುಗಿಸಿ ಕೊಡುತ್ತೇನೆ ಅಂದಿದ್ದಾರೆ. ಅದೇ ಬಿಚ್ಚುವಾಗ ಚೈನ್ ಸ್ಪ್ರಾಕೆಟನ್ನೂ ಬದಲಿಸುವುದು ಅಂತ ಮಾತಾಗಿದೆ.